ವೀರಗಲ್ಲಿನ ವಾಕ್ಯ, ವೀರಗಲ್ಲಿನ ಚಿತ್ರ: ದೊಡ್ಡಹುಂಡಿಯ ಶಾಸನವನ್ನು ಕುರಿತು ಒಂದು ವಿಮರ್ಶೆ

೧

ಕನ್ನಡ ಸಾಹಿತ್ಯ ಚರಿತ್ರಕಾರರು ಶಾಸನಗಳ ಬಳಿಗೆ ಹೋಗುವುದು ಬಹುಮಟ್ಟಿಗೆ ಎರಡು ಕಾರಣಗಳಿಗಾಗಿ. ಭಾಷೆಯ ಪ್ರಾಚೀನತೆಯನ್ನು ಸ್ಥಾಪಿಸುವುದು ಒಂದು. ಪಂಪನಿಗಿಂತ ಹಿಂದೆ ಪದ್ಯರಚನೆ ಎಷ್ಟು ಪಕ್ವವಾಗಿದ್ದಿತೆಂಬುದನ್ನು ತೋರಿಸುವುದು ಇನ್ನೊಂದು. ಹಲ್ಮಿಡಿ, ಬಾದಾಮಿ, ಶ್ರವಣಬೆಳಗೊಳಗಳ ಹೆಸರು ಪಠ್ಯಪುಸ್ತಕಗಳಲ್ಲಿ ಮೇಲಿಂದ ಮೇಲೆ ಬರುವುದು ಈ ಕಾರಣದಿಂದಲೇ. ಇವೆರಡು ಪ್ರಯೋಜನಗಳಿಗೂ ಒದಗದೆ ಉಳಿಯುವ ಒಂದು ದೊಡ್ಡ ರಾಶಿ ಇದೆ. ಯುದ್ಧದಲ್ಲಿ, ತುರುಗಾಳಗದಲ್ಲಿ, ಊರಿನ ಅಳಿವಿನಲ್ಲಿ ಮಡಿದವರಿಗಾಗಿ ನಿಲ್ಲಿಸಿದ ವೀರಗಲ್ಲುಗಳ ಗದ್ಯಶಾಸನಗಳೇ ಆ ರಾಶಿ. ಇವನ್ನು ನಾವು ಇತಿಹಾಸಕಾರರಿಗೆ ಬಿಟ್ಟುಕೊಟ್ಟಿದ್ದೇವೆ. ಇತಿಹಾಸಕಾರರು ಇವುಗಳಿಂದ ಅರಸನ ಹೆಸರನ್ನೂ ಶಕವರ್ಷವನ್ನೂ ತೆಗೆದುಕೊಂಡು, ಸತ್ತವನನ್ನು ಕಲ್ಲಿನಲ್ಲಿಯೇ ಬಿಟ್ಟು ಹೋಗುವುದುಂಟು.

ಆದರೆ ಈ ಕಲ್ಲುಗಳು ನಮ್ಮ ಭಾಷೆಯ ಬರವಣಿಗೆಯ ಮೂಲಕ್ಕೆ ಎಷ್ಟು ಹತ್ತಿರವಾದುವು ಎಂಬುದನ್ನು ನೆನೆಯಬೇಕು. ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿಯ ಶಾಸನವು ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟುದನ್ನು ಹೇಳುತ್ತದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಕತ್ತಿಯ ನೆತ್ತರನ್ನು ತೊಳೆದು ಕೊಡುವ ಮಾನ್ಯ ಎಂದು ವಿದ್ವಾಂಸರು ಅರ್ಥಮಾಡಿದ್ದಾರೆ. ಕನ್ನಡ ಗದ್ಯವು ಕಲ್ಲಿನ ಮೇಲೆ ಮೊದಮೊದಲು ಕಾಣಿಸಿಕೊಂಡಾಗ ಅದರ ಬಾಯಲ್ಲಿದ್ದ ಮಾತು ಸೈನಿಕನ ಗೌರವದ ಮಾತಾಗಿತ್ತು. ಅಲ್ಲಿ ಗೌರವ ಪಡೆದವನು ಬದುಕಿದ್ದನು. ಸತ್ತವನಿಗೆ ಗೌರವ ಸಲ್ಲಿಸಬೇಕಾದಾಗ ಅದೇ ಗದ್ಯ ಏನು ಮಾಡುತ್ತದೆ? ಸತ್ತವನು ಭೂಮಿಯನ್ನು ಉಳಲಾರ, ಬಿರುದನ್ನು ಹೊರಲಾರ. ಹಾಗಿರುವಲ್ಲಿ ಗೌರವವು ಯಾರಿಗೆ, ಯಾವ ರೂಪದಲ್ಲಿ ಸಲ್ಲುತ್ತದೆ? ಈ ಪ್ರಶ್ನೆಯನ್ನು ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಶಾಸನವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಕ್ಷೇತ್ರದ ವಿಚಾರ. ಕಪಿಲೆಯ ದಡದ ನಂಜನಗೂಡು, ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು, ಅಲ್ಲಿಂದ ಕೆಳಗೆ ಕಾವೇರಿಯ ದಡದ ತಲಕಾಡು, ಈ ಮೂರು ಸ್ಥಳಗಳನ್ನು ಸೇರಿಸಿ ಒಂದು ಗೆರೆ ಎಳೆದರೆ ಅದು ಗಂಗರಾಜ್ಯದ ಹೃದಯಭಾಗವನ್ನು ಹಾದು ಹೋಗುತ್ತದೆ. ತಲಕಾಡು ಗಂಗರ ರಾಜಧಾನಿ. ಸುಮಾರು ೧೦೦೪ರಲ್ಲಿ ಅದು ಚೋಳರ ವಶವಾಯಿತು. ೧೧೧೬ರಲ್ಲಿ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಅದನ್ನು ಚೋಳರಿಂದ ಗೆದ್ದುಕೊಂಡನು. ನೀರು ಸಮೃದ್ಧವಾಗಿರುವ ನೆಲ, ಮೂರು ರಾಜವಂಶಗಳ ಆಸೆ ಕೂಡಿದ ನೆಲ. ಹೀಗಾಗಿ ಈ ಎರಡು ತಾಲ್ಲೂಕುಗಳ ಶಾಸನಗಳಲ್ಲಿ ದಾನದ ಮಾತು ಎಷ್ಟಿದೆಯೋ ಕಾಳಗದ ಮಾತೂ ಅಷ್ಟೇ ಸಹಜವಾಗಿ ಬರುತ್ತದೆ. ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ೩ನೆಯ ಸಂಪುಟದಲ್ಲಿ ಇವು ಮೊದಲು ಒಟ್ಟಾಗಿ ಬಂದುವು. ೧೯೭೦ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಪರಿಷ್ಕೃತ ಸಂಪುಟಗಳು ಅಧ್ಯಯನಕ್ಕೆ ಇನ್ನಷ್ಟು ಅನುಕೂಲವನ್ನು ಒದಗಿಸಿದುವು.

ಈ ಪ್ರದೇಶದ ಯುದ್ಧಶಾಸನಗಳಲ್ಲಿ ಎರಡು ಬಗೆಯ ಧ್ವನಿಗಳು ಕೇಳಿಸುತ್ತವೆ. ಒಂದು ಗೆದ್ದವನ ಧ್ವನಿ. ನರಸೀಪುರ ತಾಲ್ಲೂಕಿನ ಕಲಿಯೂರಿನ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಹನ್ನೊಂದನೆಯ ಶತಮಾನದ ಮೊದಲ ದಶಕದ ಈ ಶಾಸನವು ಚೋಳ ರಾಜರಾಜನ ಅಧಿಕಾರಿಯಾದ ಅಪ್ರಮೇಯನು ಹೊಯ್ಸಳ ಮಂತ್ರಿ ನಾಗಣ್ಣನ ಮೇಲೆ ಪಡೆದ ಜಯವನ್ನು ಕೊಂಡಾಡುತ್ತದೆ. ಎದುರಾಳಿಗಳ ಹೆಸರುಗಳು ಅಲ್ಲಿ ಬರುತ್ತವೆ. ಆದರೆ ಬರುವುದು ಗೆದ್ದವನ ತೂಕವನ್ನು ಹೆಚ್ಚಿಸುವುದಕ್ಕಾಗಿ. ಸೋತವರು ಎಷ್ಟು ಪ್ರಬಲರೋ ಗೆದ್ದವನು ಅಷ್ಟು ದೊಡ್ಡವನು ಎಂಬುದು ಅದರ ತರ್ಕ. ಸೋತವರ ಮನೆಯವರಿಗೆ ಆ ಕಲ್ಲಿನಲ್ಲಿ ಹೇಳಲು ಏನೂ ಇಲ್ಲ.

ಇನ್ನೊಂದು ವೀರಗಲ್ಲಿನ ಧ್ವನಿ. ಇದರಲ್ಲಿ ಕಾಳಗದ ಗೆಲುವು ಸೋಲುಗಳ ಲೆಕ್ಕ ಹಿಂದೆ ಬೀಳುತ್ತದೆ. ಯಾರು ಗೆದ್ದರು ಎಂಬುದನ್ನು ಹೇಳದೆಯೇ ಮುಗಿಯುವ ವೀರಗಲ್ಲುಗಳು ಎಷ್ಟೋ ಇವೆ. ಒಬ್ಬನು ನಿಂತನು, ಇರಿದನು, ಸತ್ತನು. ಇಷ್ಟೇ ಅದರ ವಸ್ತು. ವಿಜಯಶಾಸನಕ್ಕೂ ವೀರಗಲ್ಲಿಗೂ ಇರುವ ಈ ಭೇದವನ್ನು ಗುರುತಿಸದೆ ಎರಡನ್ನೂ ‘ವೀರರಸ’ದ ಒಂದೇ ತಲೆಬರಹದ ಕೆಳಗೆ ಇಡುವುದು ಸರಿಯಾಗಲಾರದು.

೩

ವೀರಗಲ್ಲಿನ ರಚನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅದು ಎರಡು ಮಾಧ್ಯಮಗಳ ಕೃತಿ. ಅಕ್ಷರ ಒಂದು, ಶಿಲ್ಪ ಒಂದು. ಅಕ್ಷರ ಬಲ್ಲವರು ಊರಿಗೆ ಒಬ್ಬಿಬ್ಬರಿದ್ದ ಕಾಲದಲ್ಲಿ ಹೆಚ್ಚಿನವರು ಈ ಕಲ್ಲನ್ನು ‘ಓದಿದ್ದು’ ಶಿಲ್ಪದ ಮೂಲಕವೇ ಎಂಬುದನ್ನು ಮರೆಯಬಾರದು.

ಶಿಲ್ಪದ ಕ್ರಮ ಎಲ್ಲರಿಗೂ ಪರಿಚಿತವಾದುದು. ಹೊಯ್ಸಳರ ಕಾಲಕ್ಕೆ ಅದು ಬಹುಮಟ್ಟಿಗೆ ಸ್ಥಿರವಾಯಿತು. ಕೆಳಗಿನ ಅಂಕಣದಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು. ಮೇಲಿನದರಲ್ಲಿ ದೇವಸನ್ನಿಧಿ, ಅದರ ಮೇಲೆ ಸೂರ್ಯಚಂದ್ರರು. ಗಂಗರ ಕಾಲದ ಕಲ್ಲುಗಳಲ್ಲಿ ಈ ಕಟ್ಟುನಿಟ್ಟು ಇನ್ನೂ ಬಂದಿರಲಿಲ್ಲ. ಒಂದೇ ಚಿತ್ರ, ಅದರ ಸುತ್ತಲೋ ಮೇಲೆಯೋ ಅಕ್ಷರ, ಹೀಗೆ ಇರುವುದುಂಟು. ಆದುದರಿಂದ ಗಂಗರ ಕಾಲದ ಶಿಲ್ಪಿಗೆ ಏನನ್ನು ತೋರಿಸಬೇಕೆಂಬುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಹೆಚ್ಚಾಗಿತ್ತು. ಈ ಅಂಶ ಮುಂದಿನ ಚರ್ಚೆಗೆ ಮುಖ್ಯವಾದುದು.

ಗದ್ಯದ ಕ್ರಮವೂ ಹೆಚ್ಚು ಕಡಮೆ ನಿಶ್ಚಿತವಾದುದೇ. ಮೊದಲು ಅರಸನ ಬಿರುದಾವಳಿ, ಅವನು ಆಳುತ್ತಿರಲು ಎಂಬ ಕಾಲಸೂಚಕವಾದ ಸತಿಸಪ್ತಮಿ. ಅನಂತರ ಸಂದರ್ಭ: ತುರುಗಳನ್ನು ಹಿಡಿದುದು, ಊರ ಮೇಲೆ ಬಿದ್ದುದು, ಹೆಂಗಸರಿಗೆ ಅಪಾಯ ಒದಗಿದುದು. ಆಮೇಲೆ ಸತ್ತವನ ಹೆಸರು, ಅವನು ಯಾರ ಮಗ, ಯಾರ ಆಳು ಎಂಬ ಗುರುತು. ಕೊನೆಗೆ ಕ್ರಿಯಾಪದ. ಅದರ ಹಿಂದೆಯೇ ಕಲ್ಲನ್ನು ನಿಲ್ಲಿಸಿದವರ ಹೆಸರು, ಕೊಟ್ಟ ಭೂಮಿ, ಅದನ್ನು ಕೆಡಿಸಿದವನಿಗೆ ಶಾಪ. ಈ ವಾಕ್ಯದಲ್ಲಿ ಎಷ್ಟು ಪಾಲು ಯಾರಿಗೆ ಸಿಕ್ಕಿದೆ ಎಂದು ಅಳೆದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಉದ್ದದಲ್ಲಿ ಅರಸನ ಬಿರುದುಗಳದೇ ಮೇಲುಗೈ. ಸತ್ತವನಿಗೆ ಸಿಕ್ಕುವುದು ಒಂದು ಹೆಸರು, ಒಂದು ಸಂಬಂಧ, ಒಂದು ಕ್ರಿಯಾಪದ. ಆದರೆ ಅರಸನ ಬಿರುದುಗಳೆಲ್ಲವೂ ಕಾಲವನ್ನು ತಿಳಿಸುವ ಅಧೀನ ವಾಕ್ಯದಲ್ಲಿ ನಿಲ್ಲುತ್ತವೆ. ವಾಕ್ಯ ಮುಗಿಯುವುದು ಸತ್ತವನ ಕ್ರಿಯೆಯಿಂದ. ವ್ಯಾಕರಣದ ಲೆಕ್ಕದಲ್ಲಿ ಚಕ್ರವರ್ತಿಯೂ ಇಲ್ಲಿ ತಿಥಿವಾರಗಳ ಸಾಲಿಗೆ ಸೇರಿದವನು. ಚಿತ್ರದಲ್ಲಿಯಂತೂ ಅರಸನಿಗೆ ಸಾಮಾನ್ಯವಾಗಿ ಎಡೆಯೇ ಇಲ್ಲ. ಅಲ್ಲಿರುವವನು ಕತ್ತಿ ಹಿಡಿದವನೊಬ್ಬನೇ.

ದತ್ತಿಯ ಭಾಗವನ್ನು ಕುರಿತು ಒಂದು ಮಾತು. ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ ಮುಂತಾದ ಶಬ್ದಗಳನ್ನು ಕೋಶದಲ್ಲಿ ‘ಒಂದು ಬಗೆಯ ದತ್ತಿ’ ಎಂದು ಬರೆದು ಮುಗಿಸಿಬಿಡುವುದು ಸುಲಭ. ಆದರೆ ಈ ಶಬ್ದಗಳಲ್ಲಿ ಕತ್ತಿ, ಕಲ್ಲು, ನೆತ್ತರು ಎಂಬ ಮೂರು ವಸ್ತುಗಳು ಭೂಮಿಯ ಹಕ್ಕಿನ ಹೆಸರುಗಳಾಗಿಬಿಟ್ಟಿವೆ. ಸತ್ತವನ ಮನೆಯವರು ಆ ಹೊಲವನ್ನು ಉಳುವಾಗಲೆಲ್ಲ ಆ ಹೆಸರು ಅವರ ಬಾಯಲ್ಲಿ ಬರಬೇಕು. ಗೌರವವು ಹೊಗಳಿಕೆಯಲ್ಲಿ ಕೊನೆಗಾಣದೆ ಕಂದಾಯದ ಭಾಷೆಯೊಳಗೆ ಹೊಕ್ಕು ನಿಂತಿದೆ. ಎಂ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ಪ್ರಕಟವಾದ ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಶಾಸನಗಳನ್ನು ಹೀಗೆ ಜನಜೀವನದ ದಾಖಲೆಗಳಾಗಿ ಓದುವ ದಾರಿಯನ್ನು ತೆರೆದರು. ೧೯೮೨ರಲ್ಲಿ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಎಂಬ ಗ್ರಂಥವೂ, ಎಸ್. ಶೆಟ್ಟರ್ ಮತ್ತು ಸೊಂಥೈಮರ್ ಅವರು ಸಂಪಾದಿಸಿದ ಸ್ಮಾರಕಶಿಲೆಗಳ ಸಂಕಲನವೂ ಬಂದು ಆ ದಾರಿ ಅಗಲವಾಯಿತು. ಆ ಮಹನೀಯರು ಕೂಡಿಸಿಕೊಟ್ಟ ಸಾಮಗ್ರಿಯನ್ನು ಕೃತಿವಿಮರ್ಶೆಯ ದೃಷ್ಟಿಯಿಂದ ನೋಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

೪

ದೊಡ್ಡಹುಂಡಿಯ ಕಲ್ಲಿನ ವಿಶೇಷ ತಿಳಿಯಬೇಕಾದರೆ ಅದರ ಪಕ್ಕದಲ್ಲಿ ಸುಮಾರು ಅದೇ ಕಾಲದ ಒಂದು ನಿಜವಾದ ಕಾಳಗದ ಕಲ್ಲನ್ನು ಇಟ್ಟು ನೋಡಬೇಕು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಇದಕ್ಕೆ ತಕ್ಕುದು. ಕ್ರಿ.ಶ. ಸುಮಾರು ೮೯೦ರ ಆ ಶಾಸನದ ಸಾರಾಂಶ ಹೀಗಿದೆ. ಗಂಗರ ಎರೆಯಪನು ಬೀರಮಹೇಂದ್ರನೊಡನೆ ಹೋರಾಡುತ್ತಿದ್ದ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದನು. ತುಂಬೆಪಾಡಿಯಲ್ಲಿ ಕಾಳಗವಾಯಿತು. ನಾಗತ್ತರನು ಆನೆಯನ್ನು ಎದುರಿಸಿ ಇರಿದು ಸತ್ತನು. ಅದನ್ನು ಕೇಳಿದ ಎರೆಯಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೀರಮಹೇಂದ್ರನು ಯಾರು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ಪ್ರಶ್ನೆಗೆ ಅದರಿಂದ ಬಾಧಕವಿಲ್ಲ.

ಈ ಕಲ್ಲಿನ ಶಿಲ್ಪವು ಕನ್ನಡನಾಡಿನ ಯುದ್ಧಶಿಲ್ಪಗಳಲ್ಲಿ ಅತ್ಯಂತ ತುಂಬಿದವುಗಳಲ್ಲಿ ಒಂದು. ಆನೆ, ಕುದುರೆ, ಕಾಲಾಳುಗಳ ನೂಕುನುಗ್ಗಲನ್ನು ಶಿಲ್ಪಿ ಒಂದೇ ಹಲಗೆಯೊಳಗೆ ತುಂಬಿದ್ದಾನೆ. ಬಿದ್ದವರಿದ್ದಾರೆ, ಬೀಳುತ್ತಿರುವವರಿದ್ದಾರೆ. ನಾಗತ್ತರನೊಬ್ಬನ ಹೆಸರನ್ನು ಹೊತ್ತ ಕಲ್ಲಿನಲ್ಲಿ ಹೆಸರಿಲ್ಲದ ಎಷ್ಟೋ ಮಂದಿ ಸಾಯುತ್ತಿದ್ದಾರೆ. ಗದ್ಯ ಬಿಟ್ಟುದನ್ನು ಚಿತ್ರ ಹೇಳಿದೆ. ಗದ್ಯಕ್ಕೆ ಬೇಕಾದುದು ದತ್ತಿಗೆ ಕಾರಣನಾದ ಒಬ್ಬ ವ್ಯಕ್ತಿ. ಶಿಲ್ಪಿಗೆ ಕಂಡುದು ಕಾಳಗ.

ಇನ್ನು ನಾಗತ್ತರನ ಗೌರವ ಯಾವುದು? ಅವನ ಹೆಸರು ಒಂದು ಪಟ್ಟವಾಯಿತು. ಆ ಹೆಸರನ್ನು ಹೊರುವುದಕ್ಕೆ ಇನ್ನೊಬ್ಬನು ಬಂದನು. ಸತ್ತವನ ಜಾಗ ಖಾಲಿಯಾಗಿ ಉಳಿಯುವುದಕ್ಕೆ ಅರಸನು ಅವಕಾಶ ಕೊಡಲಿಲ್ಲ. ಇದರಲ್ಲಿ ಔದಾರ್ಯವೂ ಇದೆ, ರಾಜನೀತಿಯೂ ಇದೆ. ಸೇನೆಯೊಂದರ ನಾಯಕ ಸತ್ತಾಗ ಆ ಸೇನೆಯನ್ನು ಬೆಂಪೂರಿನ ನೆಲದಲ್ಲಿ ಹಿಡಿದು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಶಾಸನದ ವಾಕ್ಯದಲ್ಲಿ ನಾಗತ್ತರನ ಸಾವಿಗೂ ಇರುಗನ ಪಟ್ಟಕ್ಕೂ ನಡುವೆ ಶೋಕದ ಒಂದು ಶಬ್ದವೂ ಬರುವುದಿಲ್ಲ. ಈ ಮೌನವನ್ನು ಕಾಠಿಣ್ಯ ಎಂದು ಕರೆಯುವುದಕ್ಕಿಂತ ಮೊದಲು, ಶೋಕವನ್ನು ಹೇಳುವ ಹೊಣೆಯನ್ನು ಅದೇ ಕಲ್ಲಿನ ಶಿಲ್ಪ ಹೊತ್ತಿದೆಯೇ ಎಂದು ಕೇಳಬೇಕು.

೫

ಈಗ ದೊಡ್ಡಹುಂಡಿಗೆ ಬರೋಣ. ಒಂಬತ್ತನೆಯ ಶತಮಾನದ ಈ ಕಲ್ಲನ್ನು ರೈಸ್ ಅವರು ನರಸೀಪುರ ತಾಲ್ಲೂಕಿನ ಶಾಸನಗಳಲ್ಲಿ ಸೇರಿಸಿದರು, ಜೆ. ಎಫ್. ಫ್ಲೀಟ್ ಅವರು ಎಪಿಗ್ರಾಫಿಯ ಇಂಡಿಕದಲ್ಲಿ ಮತ್ತೆ ಪರಿಶೀಲಿಸಿದರು. ಇಬ್ಬರಿಗೂ ಇದರಲ್ಲಿ ಮುಖ್ಯವಾಗಿ ಬೇಕಾಗಿದ್ದುದು ಗಂಗರ ಕಾಲಗಣನೆ. ಕಲ್ಲಿನಲ್ಲಿ ಶಕವರ್ಷವಿಲ್ಲ. ನೀತಿಮಾರ್ಗ ಎಂಬ ಬಿರುದಿನ ಎರೆಗಂಗನು ತೀರಿಕೊಂಡ ವರ್ಷವನ್ನು ಕೆಲವರು ೮೬೯-೭೦ರ ಸುಮಾರಿಗೆ ಹಾಕಿದ್ದಾರೆ. ಈ ಕಲ್ಲನ್ನು ಇನ್ನೂ ಹಿಂದಕ್ಕೆ, ೮೪೦ರ ಸುಮಾರಿಗೆ, ಒಯ್ಯುವವರೂ ಇದ್ದಾರೆ. ಈ ಚರ್ಚೆ ಅಗತ್ಯವಾದುದೇ. ಆದರೆ ಈ ಚರ್ಚೆಯ ನಡುವೆ ಅಗರಯ್ಯನೆಂಬವನು ಒಂದು ಅಡಿಟಿಪ್ಪಣಿಯಾಗಿ ಹೋದನು.

ಶಾಸನ ಹೇಳುವುದಿಷ್ಟು. ಕೋವಳಾಲಪುರದ ಒಡೆಯ, ನಂದಗಿರಿಯ ನಾಥ ಎಂಬ ಬಿರುದುಗಳ ನೀತಿಮಾರ್ಗ ಪೆರ್ಮಾನಡಿಯು ಸ್ವರ್ಗವನ್ನು ಏರಿದನು. ಅವನ ಮನೆವಾಳ್ತೆಯ ಆಳು ಅಗರಯ್ಯನು ಒಡೆಯನಿಗೆ ‘ಕೀಳ್ಗುಂಟೆ’ಯಾದನು. ಅರಸನ ಮಗ ಸತ್ಯವಾಕ್ಯ ಪೆರ್ಮಾನಡಿಯು ಇದಕ್ಕಾಗಿ ದತ್ತಿಯನ್ನು ಬಿಟ್ಟನು. ಕೀಳ್ಗುಂಟೆ ಎಂಬ ಶಬ್ದವನ್ನು ಒಡೆಯನ ಗುಂಡಿಯ ಕೆಳಗೆ ತಾನೂ ಸೇರುವುದು ಎಂದು ಬಿಡಿಸುತ್ತಾರೆ. ಅದನ್ನು ಅಕ್ಷರಶಃ ಸಜೀವ ಸಮಾಧಿ ಎಂದು ತಿಳಿಯಬೇಕೇ, ಒಡೆಯನೊಡನೆ ಪ್ರಾಣಬಿಟ್ಟು ಅವನ ಅಡಿಯಲ್ಲಿ ಹೂಳಿಸಿಕೊಳ್ಳುವ ವ್ರತವೆಂದು ತಿಳಿಯಬೇಕೇ ಎಂಬುದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿದೆ. ಎರಡರಲ್ಲಿ ಯಾವುದಾದರೂ ಆಗಲಿ, ಅಗರಯ್ಯನು ಸತ್ತುದು ಕಾಳಗದಲ್ಲಿ ಅಲ್ಲ. ಒಡೆಯನ ಸಾವು ಅವನ ಸಾವಿಗೆ ಕಾರಣ. ಇದು ವೀರಗಲ್ಲಿನ ಗುಂಪಿಗೆ ಸೇರುತ್ತದೆಯೋ ನಿಸಿದಿಯ ಗುಂಪಿಗೆ ಸೇರುತ್ತದೆಯೋ ಎಂಬ ಪ್ರಶ್ನೆ ಹುಟ್ಟಿರುವುದು ಇದರಿಂದಲೇ. ಅರಸನ ಮರಣವನ್ನು ಜೈನರ ಸಲ್ಲೇಖನವೆಂದು ಗ್ರಹಿಸಿದವರು ಇದನ್ನು ನಿಸಿದಿಗಲ್ಲು ಎಂದು ಕರೆದಿದ್ದಾರೆ.

ಈ ವರ್ಗೀಕರಣದ ಪ್ರಶ್ನೆಗೆ ಉತ್ತರ ಕೊಡಲು ಶಬ್ದವೊಂದೇ ಸಾಲದು, ಚಿತ್ರವನ್ನು ನೋಡಬೇಕು. ಮೇಲೆ ಹೇಳಿದಂತೆ ವೀರಗಲ್ಲಿನ ಚಿತ್ರದಲ್ಲಿ ಅರಸನಿಗೆ ಸಾಮಾನ್ಯವಾಗಿ ಸ್ಥಾನವಿಲ್ಲ. ದೊಡ್ಡಹುಂಡಿಯ ಶಿಲ್ಪಿ ಈ ನಿಯಮವನ್ನು ಮುರಿದಿದ್ದಾನೆ. ಇಲ್ಲಿ ಅರಸನು ಮರಣಶಯ್ಯೆಯಲ್ಲಿ ಮಲಗಿದ್ದಾನೆ. ಅವನಿಗೆ ಒತ್ತಾಗಿ ಕುಳಿತು ಆಸರೆ ಕೊಡುತ್ತಿರುವವನು ಅಗರಯ್ಯ. ಹತ್ತಿರದಲ್ಲಿ ನಿಂತಿರುವವನು ಮಗ ಸತ್ಯವಾಕ್ಯ. ಕತ್ತಿಯ ಬೀಸಾಟವಿಲ್ಲ, ಕುದುರೆ ಆನೆಗಳಿಲ್ಲ. ಕನ್ನಡ ಶಿಲ್ಪದಲ್ಲಿ ಒಂದು ರೋಗಿಯ ಕೋಣೆಯನ್ನು ಇಷ್ಟು ನೇರವಾಗಿ ತೋರಿಸಿದ ಉದಾಹರಣೆಗಳು ವಿರಳ.

ಈ ಚಿತ್ರದಲ್ಲಿ ಇಲ್ಲದಿರುವುದು ಯಾವುದು ಎಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ. ದತ್ತಿಗೆ ಕಾರಣವಾದ ಘಟನೆ, ಎಂದರೆ ಅಗರಯ್ಯನ ಸಾವು, ಇಲ್ಲಿಲ್ಲ. ಬೇಗೂರಿನ ಶಿಲ್ಪಿ ನಾಗತ್ತರನು ಸತ್ತ ಕಾಳಗವನ್ನೇ ಕೆತ್ತಿದನು. ಹಳೇಬೀಡಿನಲ್ಲಿ ೧೩ನೆಯ ಶತಮಾನದ ಆರಂಭದ ಕುವರ ಲಕ್ಷ್ಮನ ಕಂಬವನ್ನು ನೋಡಿ: ಇಮ್ಮಡಿ ಬಲ್ಲಾಳನೊಡನೆ ಪ್ರಾಣಬಿಟ್ಟ ಆ ಗರುಡನ ಸ್ಮಾರಕದಲ್ಲಿ ವೀರರು ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಆಕೃತಿಗಳಿವೆ. ಒಡೆಯನಿಗಾಗಿ ಸಾಯುವ ವ್ರತದ ಘೋರವನ್ನು ಆ ಶಿಲ್ಪಿ ಮರೆಮಾಡಲಿಲ್ಲ. ಅದನ್ನೇ ವೈಭವವನ್ನಾಗಿ ಮಾಡಿದನು. ದೊಡ್ಡಹುಂಡಿಯ ಶಿಲ್ಪಿಗೆ ಅಗರಯ್ಯನನ್ನು ಗುಂಡಿಗೆ ಇಳಿಯುತ್ತಿರುವಂತೆಯೋ ಪ್ರಾಣ ಬಿಡುತ್ತಿರುವಂತೆಯೋ ತೋರಿಸುವ ಅವಕಾಶವಿದ್ದಿತು. ಅವನು ತೋರಿಸಿದುದು ಸಾಯುವವನನ್ನು ಹಿಡಿದುಕೊಂಡಿರುವ ಒಂದು ಕೈಯನ್ನು. ಅಗರಯ್ಯನ ಗುಣ ಯಾವುದೆಂದು ಗದ್ಯವನ್ನು ಕೇಳಿದರೆ, ಒಡೆಯನ ಹಿಂದೆ ಸತ್ತುದು ಎನ್ನುತ್ತದೆ. ಚಿತ್ರವನ್ನು ಕೇಳಿದರೆ, ಒಡೆಯನು ಸಾಯುತ್ತಿರುವಾಗ ಬಿಟ್ಟುಹೋಗದೆ ಇದ್ದುದು ಎನ್ನುತ್ತದೆ. ಎರಡೂ ಒಂದೇ ನಿಷ್ಠೆಯ ಮಾತಾದರೂ ಎರಡನೆಯದರಲ್ಲಿ ಮನುಷ್ಯಸಂಬಂಧದ ಬಿಸಿ ಇದೆ.

ಅರಸನ ಚಿತ್ರಣವೂ ಗಮನಾರ್ಹವಾದುದು. ಗದ್ಯದಲ್ಲಿ ಧರ್ಮಮಹಾರಾಜಾಧಿರಾಜನಾದವನು ಚಿತ್ರದಲ್ಲಿ ಏಳಲಾರದವನು. ಬಿರುದುಗಳೆಲ್ಲ ಅಕ್ಷರದಲ್ಲಿ ಉಳಿದುವು. ಶಿಲ್ಪದಲ್ಲಿ ಅವನಿಗೆ ಇನ್ನೊಬ್ಬನ ಆಸರೆ ಬೇಕಾಗಿದೆ. ಒಡೆಯ ಆಳುಗಳ ಎತ್ತರ ತಗ್ಗುಗಳನ್ನು ಗದ್ಯವು ಕಾಪಾಡಿದೆ, ಶಿಲ್ಪವು ಕ್ಷಣಕಾಲ ಮರೆತಿದೆ. ಈ ಕಾರಣದಿಂದ ದೊಡ್ಡಹುಂಡಿಯ ಕಲ್ಲನ್ನು ಅರಸನ ನಿಸಿದಿ ಎಂದಷ್ಟೇ ಕರೆದು ಮುಗಿಸುವುದು ಚಿತ್ರಕ್ಕೆ ಅನ್ಯಾಯವಾಗುತ್ತದೆ. ಆಳಿನ ವೀರಗಲ್ಲು ಎಂದಷ್ಟೇ ಕರೆಯುವುದು ಗದ್ಯಕ್ಕೆ ಅನ್ಯಾಯವಾಗುತ್ತದೆ. ಇಬ್ಬರ ನಡುವಣ ಸಂಬಂಧವೇ ಇದರ ವಸ್ತು. ವರ್ಗೀಕರಣದ ಕಷ್ಟವು ನಮ್ಮ ಕೋಷ್ಟಕಗಳ ಕಷ್ಟ. ಕಲ್ಲು ಮಾತ್ರ ತಾನು ಏನೆಂಬುದರಲ್ಲಿ ಸ್ಪಷ್ಟವಾಗಿದೆ.

೬

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಒಡೆಯ ಸತ್ತನೆಂದು ಆಳು ಸಾಯಬೇಕಾದ ವ್ಯವಸ್ಥೆಯನ್ನು ಸೌಂದರ್ಯದ ದೃಷ್ಟಿಯಿಂದ ಕೊಂಡಾಡುವುದು ಸರಿಯೇ? ಜೋಳದಪಾಳಿ, ವೇಳೆವಾಳಿ, ಗರುಡ, ಲೆಂಕ ಎಂಬ ದೊಡ್ಡ ದೊಡ್ಡ ಹೆಸರುಗಳ ಹಿಂದೆ ಅನ್ನಕ್ಕಾಗಿ ಪ್ರಾಣವನ್ನು ಅಡವಿಟ್ಟವರ ನಿರುಪಾಯ ಇದ್ದಿರಲಾರದೇ?

ಆಕ್ಷೇಪದಲ್ಲಿ ಹುರುಳಿದೆ. ಅಗರಯ್ಯನು ತಾನಾಗಿ ಸತ್ತನೋ, ಸಾಯಬೇಕೆಂಬ ನಿರೀಕ್ಷೆಗೆ ಸತ್ತನೋ ಎಂಬುದಕ್ಕೆ ಕಲ್ಲು ಸಾಕ್ಷಿಯಾಗದು. ಮಾತಾಡುತ್ತಿರುವವನು ಅಗರಯ್ಯನಲ್ಲ; ದತ್ತಿ ಕೊಟ್ಟವನ ಪರವಾಗಿ ಬರೆದ ಸೇನಬೋವ. ಮರಣಾನಂತರದ ಗೌರವ ಯಾವುದೇ ಇರಲಿ, ಅದು ಉಳಿದವರ ಭಾಷೆಯಲ್ಲಿಯೇ ಇರುತ್ತದೆ. ಸತ್ತವನು ಅದಕ್ಕೆ ಒಪ್ಪಿಗೆಯ ರುಜು ಹಾಕಿರುವುದಿಲ್ಲ. ಹೊಸ ಅರಸನಾದ ಸತ್ಯವಾಕ್ಯನಿಗೆ ತಂದೆಯ ಆಳಿನ ನಿಷ್ಠೆಯನ್ನು ಕಲ್ಲಿನಲ್ಲಿ ನಿಲ್ಲಿಸುವುದರಿಂದ ಪ್ರಯೋಜನವಿತ್ತು: ತನ್ನ ಆಳುಗಳಿಗೂ ಅದು ಪಾಠವಾಗುತ್ತದೆ. ನಂಜನಗೂಡು ತಾಲ್ಲೂಕಿನ ಹುಸುಕೂರಿನಲ್ಲಿ ದೊರೆತ ೮೭೦ರ ಶಾಸನದಲ್ಲಿ ಸತ್ಯವಾಕ್ಯನೇ ಅರಸ, ಬೂತರಸನು ಯುವರಾಜ. ಸಿಂಹಾಸನ ಕೈಬದಲಾದ ಹೊತ್ತಿನಲ್ಲಿ ಇಂಥ ಕಲ್ಲುಗಳ ರಾಜಕೀಯ ಬೆಲೆ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಇಷ್ಟನ್ನು ಹೇಳಿ ಕಲ್ಲನ್ನು ಪಕ್ಕಕ್ಕೆ ತಳ್ಳಿದರೆ ನಾವು ಅಗರಯ್ಯನನ್ನು ಎರಡನೆಯ ಸಲ ಹೂಳಿದಂತಾಗುತ್ತದೆ. ಅವನ ನಿಷ್ಠೆಯನ್ನು ಪ್ರಶ್ನಿಸದೆ ಹಾಡಿ ಹೊಗಳುವವನೂ, ಅದನ್ನು ದಾಸ್ಯವೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವವನೂ ಆ ಕೈಯನ್ನು ನೋಡುವುದಿಲ್ಲ. ವ್ಯವಸ್ಥೆ ಕ್ರೂರವಾಗಿದ್ದಿರಬಹುದು, ಅದರೊಳಗಿದ್ದ ಒಬ್ಬನ ಆರೈಕೆ ಸತ್ಯವಾಗಿದ್ದಿರಬಹುದು. ಈ ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಿರುವುದರಿಂದಲೇ ಈ ಕಲ್ಲು ವಿಮರ್ಶೆಗೆ ಯೋಗ್ಯವಾದ ಕೃತಿಯಾಗಿದೆ.

ಈ ಕಾಲದ ಕಲ್ಲುಗಳಲ್ಲಿ ಇಂಥ ಮೃದುತ್ವ ಒಂಟಿಯಾದುದೇನೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ೯೪೯-೫೦ರ ಶಾಸನ ಪ್ರಸಿದ್ಧವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ ಗಂಗರ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಗೆ ಅದು ಆಧಾರ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ಒಡೆಯನಿಂದ ಬೇಡಿದುದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಪೂಜೆಯ ಏರ್ಪಾಡಾಯಿತು. ತಕ್ಕೋಲದಂಥ ಮಹಾಯುದ್ಧ ಅಕ್ಷರದಲ್ಲಿ ಉಳಿಯಿತು. ಶಿಲ್ಪದಲ್ಲಿ ನಾಯಿಯೂ ಹಂದಿಯೂ ಉಳಿದುವು. ಗದ್ಯವು ಅರಸರ ಕಡೆಗೆ, ಶಿಲ್ಪವು ಸತ್ತ ಜೀವದ ಕಡೆಗೆ ಒಲಿಯುವ ಪ್ರವೃತ್ತಿ ಅಲ್ಲಿಯೂ ಸ್ಪಷ್ಟವಾಗಿದೆ. ದೊಡ್ಡಹುಂಡಿ, ಬೇಗೂರು, ಆತಕೂರು ಈ ಮೂರು ಗಂಗರ ಕಲ್ಲುಗಳಲ್ಲಿಯೂ ಇದು ಬೇರೆ ಬೇರೆ ರೂಪದಲ್ಲಿ ಕಾಣುವುದರಿಂದ ಇದನ್ನು ಆಕಸ್ಮಿಕವೆನ್ನಲಾಗದು.

೭

ವಿದ್ಯಾರ್ಥಿಗಳು ಈ ವಿಚಾರವನ್ನು ತಮ್ಮ ಕಾಲದ ಗೌರವಗಳ ಜೊತೆಗೆ ಇಟ್ಟು ನೋಡುವುದು ಉಪಯುಕ್ತ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಹಿಡಿದ ಕಾಳಗದಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರೊಡನೆ ಹೋರಾಡಿದರು. ೧೯೨೨ರಲ್ಲಿ ದೆಹಲಿಯಲ್ಲ
ಿ ನಿಂತ ಮೂರು ಕಂಚಿನ ಸವಾರರ ಪ್ರತಿಮೆಗಳು ಹೈದರಾಬಾದು, ಮೈಸೂರು, ಜೋಧಪುರ ಸಂಸ್ಥಾನಗಳ ಪಡೆಗಳನ್ನು ಪ್ರತಿನಿಧಿಸುತ್ತವೆ. ಪ್ರತಿಮೆ ನಿರ್ದಿಷ್ಟವಾದ ಯಾವ ಒಬ್ಬ ಸವಾರನದೂ ಅಲ್ಲ, ಸಂಸ್ಥಾನದ್ದು. ವೀರಗಲ್ಲಿನಲ್ಲಿ ಆಳಿನ ಹೆಸರೇ ಪ್ರಾಣ. ಇಲ್ಲಿ ಆಕೃತಿ ಆಳಿನದು, ಹೆಸರು ರಾಜ್ಯದ್ದು.

ಗಣರಾಜ್ಯದ ಶೌರ್ಯಪ್ರಶಸ್ತಿಗಳು ಮತ್ತೆ ಹೆಸರಿನ ಕಡೆಗೆ ತಿರುಗಿದುವು. ಪರಮವೀರಚಕ್ರವು ೧೯೫೦ರ ಜನವರಿ ೨೬ರಂದು, ೧೯೪೭ರ ಆಗಸ್ಟ್ ೧೫ರಿಂದ ಅನ್ವಯಿಸುವಂತೆ ಸ್ಥಾಪಿತವಾಯಿತು. ಬೆಂಗಳೂರಿನವರಾದ ಕರ್ನಲ್ ವಸಂತ್ ವೇಣುಗೋಪಾಲ್ ಅವರು ೨೦೦೭ರ ಜುಲೈ ೩೧ರಂದು ಕಾಶ್ಮೀರದ ಉರಿ ವಲಯದಲ್ಲಿ ಮಡಿದರು. ೨೦೦೮ರ ಗಣರಾಜ್ಯೋತ್ಸವದಂದು ಅವರಿಗೆ ಮರಣೋತ್ತರವಾಗಿ ಅಶೋಕಚಕ್ರ ಸಂದಿತು. ಇಂಥ ಪ್ರಶಸ್ತಿಗಳೊಡನೆ ಓದುವ ಪ್ರಶಂಸಾಪತ್ರದ ರಚನೆ ವೀರಗಲ್ಲಿನ ಗದ್ಯಕ್ಕೆ ಹತ್ತಿರದ ನಂಟಿನದು: ಕಾಲ, ಸ್ಥಳ, ಎದುರಾದ ಅಪಾಯ, ಹೆಸರು, ಕ್ರಿಯೆ, ಗೌರವ. ಬದಲಾಗಿರುವ ಅಂಶವೂ ಮುಖ್ಯವಾದುದೇ. ಇಂದಿನ ಪತ್ರದಲ್ಲಿ ಸೈನಿಕನ ಹೆಸರು ಮೊದಲಿಗೇ ಬರುತ್ತದೆ. ಬಿರುದಾವಳಿಯ ಮೆಟ್ಟಿಲುಗಳನ್ನು ಹತ್ತಿ ಅವನನ್ನು ತಲುಪಬೇಕಾಗಿಲ್ಲ. ಹಾಗೆಯೇ ಇಂದಿನ ಪತ್ರಕ್ಕೆ ಇಲ್ಲದ ಒಂದು ಸಂಪತ್ತು ಹಳೆಯ ಕಲ್ಲಿಗೆ ಇದ್ದಿತು. ಅದು ಸತ್ತವನ ಊರಿನಲ್ಲಿ, ದನಕರುಗಳು ಹಾಯುವ ದಾರಿಯಲ್ಲಿ, ಓದು ಬಾರದವರಿಗೂ ಅರ್ಥವಾಗುವ ಚಿತ್ರದೊಡನೆ ನಿಂತಿರುತ್ತಿತ್ತು.

ಆ ಸಂಪತ್ತು ಈಗ ಹೇಗಿದೆ ಎಂಬುದು ಹಳ್ಳಿಗಳನ್ನು ಸುತ್ತಿದವರಿಗೆ ಗೊತ್ತು. ವೀರಗಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ, ಗುಡಿಯ ಮೆಟ್ಟಿಲಾಗಿವೆ, ಕೆರೆಯ ಏರಿಯಲ್ಲಿ ಹುದುಗಿವೆ. ಎಣ್ಣೆ ಕುಂಕುಮ ಮೆತ್ತಿಸಿಕೊಂಡು ಬೇರೆ ಹೆಸರಿನ ದೇವರುಗಳಾಗಿಯೂ ಇವೆ. ಶಾಸನಸಂಪುಟಗಳಲ್ಲಿ ಪಾಠ ಉಳಿದಿದ್ದರೂ ಎಷ್ಟೋ ಕಲ್ಲುಗಳ ಶಿಲ್ಪದ ವಿವರ ಒಂದೆರಡು ಪಂಕ್ತಿಗಳನ್ನು ಮೀರಿಲ್ಲ. ಪಾಠವೊಂದೇ ಉಳಿದರೆ ಉಳಿಯುವುದು ಅರಸನ ಪಾಲು. ಅಗರಯ್ಯನ ಬಗೆಗೆ ನಾವು ಇಲ್ಲಿ ಹೇಳಿದ ಮಾತುಗಳಲ್ಲಿ ಬಹುಭಾಗ ದೊಡ್ಡಹುಂಡಿಯ ಶಿಲ್ಪ ಅಳಿದಿದ್ದರೆ ಹೇಳಲು ಸಾಧ್ಯವಾಗುತ್ತಿರಲಿಲ್ಲ.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ನಂಜನಗೂಡು, ನರಸೀಪುರಗಳ ಹಳ್ಳಿಗಳಲ್ಲಿ ಒಂದು ವೀರಗಲ್ಲನ್ನು ಕಂಡರೆ ಮೂರು ಅಂಶಗಳನ್ನು ತಪ್ಪದೆ ಬರೆದುಕೊಳ್ಳಬೇಕು. ಕಲ್ಲು ಈಗ ಎಲ್ಲಿ, ಯಾವ ದಿಕ್ಕಿಗೆ ಮುಖಮಾಡಿ ನಿಂತಿದೆ; ಅಕ್ಷರಗಳು ಚಿತ್ರದ ಯಾವ ಭಾಗಕ್ಕೆ ಸೇರಿಕೊಂಡಿವೆ; ಚಿತ್ರದಲ್ಲಿ ಇರುವವರು ಯಾರು, ಅವರ ಕೈಗಳು ಏನು ಮಾಡುತ್ತಿವೆ. ಅಕ್ಷರವಿಲ್ಲದ ಕಲ್ಲೆಂದು ಯಾವುದನ್ನೂ ಬಿಟ್ಟುಬರಬಾರದು; ಅಕ್ಷರವಿಲ್ಲದ ವೀರಗಲ್ಲುಗಳೇ ಸಂಖ್ಯೆಯಲ್ಲಿ ಹೆಚ್ಚು. ಶಾಸನದ ವಾಕ್ಯವನ್ನು ಶಿಲ್ಪದೊಡನೆ ಸೇರಿಸಿ ಓದಿದಾಗ ಮಾತ್ರ ಬಿರುದುಗಳ ಹಿಂದೆ ಸರಿದುಹೋದ ಆಳು ಎದುರಿಗೆ ಬರುತ್ತಾನೆ. ಗಂಗರ ವಂಶಾವಳಿಯಲ್ಲಿ ನೀತಿಮಾರ್ಗನ ಸ್ಥಾನವನ್ನು ನಿರ್ಣಯಿಸಲು ವಿದ್ವಾಂಸರು ಸಾಕಷ್ಟು ಶ್ರಮಪಟ್ಟಿದ್ದಾರೆ. ಕನ್ನಡ ಗದ್ಯದ ಚರಿತ್ರೆಯಲ್ಲಿ ಅಗರಯ್ಯನ ಸ್ಥಾನವನ್ನು ನಿರ್ಣಯಿಸುವ ಶ್ರಮ ಸಾಹಿತ್ಯದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದುದು.